ಹಸಿ ಆಹಾರವೂ ಆಹಾರದ ಮೂಲದ ಅರಿವೂ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿರಲಾರ. ಗಾದೆ ಕಟ್ಟಿದ ಹಿರಿಯರು ‘ಉಂಡವನಿಗೆ’ ಎನ್ನದೆ ‘ಬಲ್ಲವನಿಗೆ’ ಎಂದಿರುವುದು ಗಮನಾರ್ಹ. ಊಟವನ್ನು ಬಲ್ಲವನಾಗಬೇಕಾದರೆ ತಟ್ಟೆಗೆ ಬಂದ ಪದಾರ್ಥ ಎಲ್ಲಿಂದ ಬಂದಿತು, ಹೇಗೆ ಬಂದಿತು, ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ತಿಳಿದಿರಬೇಕು. ಊರಿನಲ್ಲಿ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹಿತ್ತಿಲಲ್ಲಿಯೇ ದೊರೆಯುತ್ತಿತ್ತು. ಮುಂಬಯಿಯಂಥ ಮಹಾನಗರದಲ್ಲಿ ಅದು ದೊರೆಯುವುದಿಲ್ಲ. ತರಕಾರಿ ರಸ್ತೆಬದಿಯ ಗಾಡಿಯಲ್ಲಿ, ಹಾಲು ಪ್ಲಾಸ್ಟಿಕ್ ಚೀಲದಲ್ಲಿ, ಕೋಳಿ ಅಂಗಡಿಯ ತಕ್ಕಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಹಿಂದಿನ ಕಥೆ ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಗೋರೆಗಾಂವಿನಿಂದ ಬೆಳಗಿನ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋಗಿ, ಇಳಿಹೊತ್ತಿನಲ್ಲಿ ನಿಲ್ದಾಣದ ಹೊರಗೆ ವಡಾಪಾವ್ ತಿಂದು, ರಾತ್ರಿ ಒಂಬತ್ತಕ್ಕೆ ಅನ್ನ-ಸಾರು ಉಣ್ಣುವ ಉದ್ಯೋಗಸ್ಥನ ದಿನಚರಿಯಲ್ಲಿ ಬೇಯಿಸದ ಪದಾರ್ಥವೆಂದರೆ ಉಪ್ಪಿನಕಾಯಿಯ ಒಂದು ಹೋಳು ಮಾತ್ರ ಎಂಬಂತಾಗಿದೆ. ಸಿಹಿಮೂತ್ರರೋಗ, ರಕ್ತದೊತ್ತಡ, ಮಲಬದ್ಧತೆ, ಬೊಜ್ಜು ಇವು ಮನೆಮನೆಯ ಮಾತಾಗಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪ್ರಕಟಿಸಿದ ಆಹಾರ ಸೂಚನೆಗಳಲ್ಲಿ ದೇಶದ ಒಟ್ಟು ರೋಗಭಾರದ ಶೇಕಡ ೫೬.೪ರಷ್ಟು ಅಹಿತಕರ ಆಹಾರದಿಂದ ಉಂಟಾದುದೆಂದು ಅಂದಾಜು ಮಾಡಲಾಗಿದೆ. ಇದಕ್ಕೆ ಪರಿಹಾರವಾಗಿ ಹಸಿ ಆಹಾರವನ್ನು ಸೂಚಿಸುವವರು ಇಂದು ಅನೇಕರಿದ್ದಾರೆ. ಆ ಸೂಚನೆಯಲ್ಲಿ ಹುರುಳೆಷ್ಟು, ಅತಿಶಯವೆಷ್ಟು ಎಂಬುದನ್ನು ವಿಚಾರಿಸುವುದು ಅಗತ್ಯ.

ಹಸಿ ಆಹಾರದ ಪ್ರಯೋಗಗಳು

ಬೆಂಕಿಯ ಸಂಪರ್ಕವಿಲ್ಲದೆ ಸೇವಿಸುವ ಹಣ್ಣು, ತರಕಾರಿ, ಸೊಪ್ಪು, ನೆನೆದ ಬೇಳೆ, ಮೊಳಕೆ ಬಂದ ಕಾಳು, ತೆಂಗಿನಕಾಯಿ, ಎಣ್ಣೆಬೀಜಗಳನ್ನು ಹಸಿ ಆಹಾರವೆಂದು ಕರೆಯಬಹುದು. ಯೂರೋಪಿನಲ್ಲಿ ಇದನ್ನು ಚಿಕಿತ್ಸೆಯ ಮಟ್ಟಕ್ಕೇರಿಸಿದವರು ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಖರ್-ಬೆನ್ನರ್. ೧೯೦೦ರ ಸುಮಾರಿನಲ್ಲಿ ಅವರು ಜೂರಿಚ್ ನಗರದ ತಮ್ಮ ಆರೋಗ್ಯಧಾಮದಲ್ಲಿ ರೋಗಿಗಳಿಗೆ ತುರಿದ ಸೇಬು, ನೆನೆದ ಓಟ್ಸ್, ಬೀಜಗಳನ್ನು ಬೆರೆಸಿ ಕೊಡುತ್ತಿದ್ದರು. ಈಗ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ದೊರೆಯುವ ‘ಮ್ಯೂಸ್ಲಿ’ಯ ಮೂಲ ಇದೇ.

ಭಾರತದಲ್ಲಿ ಈ ಪ್ರಯೋಗವನ್ನು ತಮ್ಮ ದೇಹದ ಮೇಲೆಯೇ ನಡೆಸಿದವರು ಮಹಾತ್ಮಾ ಗಾಂಧೀಜಿ. ೧೯೨೯ರಲ್ಲಿ ಕೆಲವು ತಿಂಗಳ ಕಾಲ ಅವರು ಮೊಳಕೆ ಗೋಧಿ, ಮೊಳಕೆ ಕಡಲೆ, ತೆಂಗಿನಕಾಯಿ, ಹಸಿ ತರಕಾರಿ, ಹಣ್ಣುಗಳ ಮೇಲೆ ಜೀವಿಸಿ, ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಆಶ್ರಮವಾಸಿಗಳಲ್ಲಿ ಹಲವರು ಜೊತೆಗೂಡಿದರು. ಆದರೆ ದೇಹ ಸೊರಗಿತು, ಅತಿಸಾರ ಕಾಡಿತು. ಅದೇ ವರ್ಷ ಗಾಂಧೀಜಿ ಪ್ರಯೋಗವನ್ನು ಕೈಬಿಟ್ಟರು. ಕೈಬಿಟ್ಟದ್ದನ್ನೂ ಮುಚ್ಚಿಡದೆ ಓದುಗರಿಗೆ ತಿಳಿಸಿದರು. ಅನಂತರವೂ ಊಟದಲ್ಲಿ ಒಂದಿಷ್ಟು ಹಸಿ ಸೊಪ್ಪು ಇರಲೇಬೇಕೆಂಬ ಅಭಿಪ್ರಾಯವನ್ನು ಅವರು ಬಿಡಲಿಲ್ಲ. ೧೯೪೬ರಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಅವರು ಆರಂಭಿಸಿದ ನಿಸರ್ಗೋಪಚಾರ ಆಶ್ರಮವು ಇಂದಿಗೂ ನಡೆಯುತ್ತಿದೆ. ಈ ಇತಿಹಾಸದಿಂದ ಕಲಿಯಬೇಕಾದುದು ಇಷ್ಟು: ಹಸಿ ಆಹಾರವು ಊಟದ ಒಂದು ಭಾಗವಾಗಿ ಹಿತಕರ, ಊಟದ ಸರ್ವಸ್ವವಾಗಿ ಕಷ್ಟಕರ.

ಬೆಂಕಿ ಕಸಿಯುವುದೇನು, ಕೊಡುವುದೇನು

ಸಿ ಜೀವಸತ್ವವು ಬಿಸಿಗೆ ನಾಶವಾಗುತ್ತದೆ ಮತ್ತು ನೀರಿನಲ್ಲಿ ಕರಗುತ್ತದೆ. ತರಕಾರಿಯನ್ನು ಬೇಯಿಸಿ ನೀರು ಬಸಿದರೆ ಅದರ ಬಹುಪಾಲು ಮೋರಿಯ ಪಾಲಾಗುತ್ತದೆ. ಫೋಲಿಕ್ ಆಮ್ಲದ ಗತಿಯೂ ಹೆಚ್ಚುಕಡಿಮೆ ಇದೇ. ವಯಸ್ಕ ಪುರುಷನಿಗೆ ದಿನಕ್ಕೆ ೮೦ ಮಿಲಿಗ್ರಾಂ, ಸ್ತ್ರೀಗೆ ೬೫ ಮಿಲಿಗ್ರಾಂ ಸಿ ಜೀವಸತ್ವ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ೨೦೨೦ರ ಶಿಫಾರಸು ಹೇಳುತ್ತದೆ. ನೂರು ಗ್ರಾಂ ಪೇರಳೆ ಹಣ್ಣಿನಲ್ಲಿ ಇದರ ಎರಡರಷ್ಟಕ್ಕಿಂತ ಹೆಚ್ಚು ಇದೆ. ನೆಲ್ಲಿಕಾಯಿಯಲ್ಲಿ ಇನ್ನೂ ಅಧಿಕ. ದುಬಾರಿ ಬೆಲೆಯ ಸೇಬಿನಲ್ಲಿ ಇರುವುದು ಅತ್ಯಲ್ಪ.

ಒಣಕಾಳಿನಲ್ಲಿ ಈ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆ ಬಂದೊಡನೆ ಅದು ಹುಟ್ಟಿಕೊಳ್ಳುತ್ತದೆ. ೧೯೩೮-೪೦ರ ಬರಗಾಲದಲ್ಲಿ ಅಂದಿನ ಪಂಜಾಬ್ ಪ್ರಾಂತದ ಹಿಸ್ಸಾರ್ ಜಿಲ್ಲೆಯಲ್ಲಿ ವಸಡಿನಿಂದ ರಕ್ತ ಸುರಿಯುವ ಸ್ಕರ್ವಿ ರೋಗ ಹರಡಿದಾಗ, ಹಣ್ಣು ತರಕಾರಿ ಕಾಣದ ಜನರಿಗೆ ಮೊಳಕೆ ಕಡಲೆಯನ್ನು ಹಂಚಿ ರೋಗವನ್ನು ಹತೋಟಿಗೆ ತರಲಾಯಿತು. ಮೊಳಕೆಯಿಂದ ಇನ್ನೊಂದು ಲಾಭವಿದೆ. ಕಾಳಿನಲ್ಲಿ ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವ ಫೈಟೇಟ್ ಎಂಬ ಅಂಶ ನೆನೆಸುವುದರಿಂದಲೂ ಮೊಳಕೆ ಬರಿಸುವುದರಿಂದಲೂ ಕಡಿಮೆಯಾಗುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣವು ಮತ್ತಷ್ಟು ಸುಲಭವಾಗಿ ರಕ್ತಗತವಾಗುತ್ತದೆ. ಊಟವಾದೊಡನೆ ಕುಡಿಯುವ ‘ಕಟಿಂಗ್ ಚಹಾ’ ಈ ಲಾಭವನ್ನು ಕಸಿಯುತ್ತದೆಯಾದ್ದರಿಂದ ಚಹಾ ಒಂದು ಗಂಟೆ ಕಾಯುವುದು ಮೇಲು.

ಇನ್ನೊಂದು ಪಕ್ಕವನ್ನೂ ನೋಡಬೇಕು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೊಪಿನ್ ಎಂಬ ಪೋಷಕಾಂಶಗಳು ಸ್ವಲ್ಪ ಬೆಂದು ಎಣ್ಣೆಯ ಸಂಪರ್ಕಕ್ಕೆ ಬಂದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತವೆ. ಅಕ್ಕಿ, ಗೆಡ್ಡೆಗಳ ಪಿಷ್ಟ ಬೇಯದೆ ಜೀರ್ಣವಾಗದು. ರಾಜ್ಮಾ ಕಾಳಿನಲ್ಲಿ ಹಸಿಯಾಗಿ ತಿಂದರೆ ವಾಂತಿ-ಭೇದಿ ತರುವ ವಿಷಾಂಶವಿದ್ದು, ಅದನ್ನು ಕನಿಷ್ಠ ಹತ್ತು ನಿಮಿಷ ಕುದಿಸಲೇಬೇಕು. ಮರಗೆಣಸು, ಕರಾವಳಿಯ ಕಣಿಲೆ ಎರಡರಲ್ಲಿಯೂ ಸಯನೈಡ್ ಬಿಡುವ ಅಂಶವಿದೆ. ಕಣಿಲೆಯನ್ನು ದಿನಗಟ್ಟಲೆ ನೀರು ಬದಲಿಸುತ್ತಾ ನೆನೆಸಿ ಬೇಯಿಸುವ ಪದ್ಧತಿ ಅಜ್ಜಿಯರ ಮೂಢನಂಬಿಕೆಯಲ್ಲ, ಅನುಭವದ ವಿಜ್ಞಾನ. ಮಳೆಗಾಲದಲ್ಲಿ ಗೋರೆಗಾಂವಿನ ಮಾರುಕಟ್ಟೆಗೆ ಆದಿವಾಸಿ ಹೆಂಗಸರು ತರುವ ಕಾಡುಸೊಪ್ಪುಗಳಿಗೂ ಇದೇ ನಿಯಮ. ತುಳುವರು ತಜಂಕ್ ಎನ್ನುವ ಟಾಕಳಾ ಆಗಲಿ, ಗಂಟಲು ತುರಿಸುವ ಕೆಸುವಾಗಲಿ ಹಸಿಯಾಗಿ ತಿನ್ನುವ ವಸ್ತುವಲ್ಲ.

ಕನ್ನಡದ ಅಡುಗೆಮನೆಯ ಹಸಿ ಪದಾರ್ಥಗಳು

ಹಸಿ ಆಹಾರವೆಂದೊಡನೆ ವಿದೇಶೀ ‘ಸಲಾಡ್’ ನೆನಪಾಗಬೇಕಿಲ್ಲ. ರಾಮನವಮಿಯ ಕೋಸಂಬರಿ ಅದಕ್ಕಿಂತ ಪರಿಪೂರ್ಣವಾದುದು. ನೆನೆದ ಹೆಸರುಬೇಳೆಯಲ್ಲಿ ಸಸಾರಜನಕ, ಸೌತೆಕಾಯಿಯಲ್ಲಿ ನೀರು ಮತ್ತು ನಾರು, ತೆಂಗಿನತುರಿಯಲ್ಲಿ ಕೊಬ್ಬು, ಕೊತ್ತಂಬರಿ ಸೊಪ್ಪು ಹಾಗೂ ನಿಂಬೆರಸದಲ್ಲಿ ಜೀವಸತ್ವಗಳು ಒಂದೇ ಬಟ್ಟಲಿನಲ್ಲಿ ಕೂಡುತ್ತವೆ. ಮರಾಠಿಯ ‘ಕೋಶಿಂಬೀರ್’ ಇದರ ಸೋದರ. ಎರಡು ಭಾಷೆಯ ನೆರೆಹೊರೆಯವರು ಬಟ್ಟಲು ಬದಲಿಸಿಕೊಳ್ಳಲು ಇದಕ್ಕಿಂತ ಸುಲಭದ ಪದಾರ್ಥವಿಲ್ಲ.

ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ತಟ್ಟೆಯಲ್ಲಿ ಹಸಿ ಉಳ್ಳಾಗಡ್ಡಿ, ಎಳೆ ಸೌತೆಕಾಯಿ, ಮೂಲಂಗಿ, ಗಜ್ಜರಿ, ಮೆಂತ್ಯದ ಸೊಪ್ಪು, ಹೊಲದ ಬದುವಿನ ಹಕ್ಕರಕಿ ಇವು ಶೇಂಗಾ ಚಟ್ನಿಪುಡಿಯ ಜೊತೆಗೆ ಬಂದೇ ಬರುತ್ತವೆ. ಕರಾವಳಿ, ಮಲೆನಾಡುಗಳಲ್ಲಿ ತುಳುವಿನಲ್ಲಿ ತಿಮರೆ ಎನಿಸುವ ಒಂದೆಲಗದ ತಂಬುಳಿ, ಬಾಳೆದಿಂಡಿನ ಕೋಸಂಬರಿ, ಮಾವಿನಕಾಯಿಯ ಹಸಿ ಚಟ್ನಿ ಇವೆ. ಹಳೆ ಮೈಸೂರಿನ ಕಡೆ ಮೊಸರುಬಜ್ಜಿ ಇದೆ. ಊರು ಬಿಟ್ಟು ಬಂದ ಕುಟುಂಬಗಳು ಹಬ್ಬದ ಹೋಳಿಗೆಯನ್ನು ಜೋಪಾನವಾಗಿ ತಂದವು. ದಿನದ ತಟ್ಟೆಯ ಈ ಬಡ ಪದಾರ್ಥಗಳು ಮಾತ್ರ ದಾರಿಯಲ್ಲಿ ಕಳೆದುಹೋದವು. ಅವುಗಳನ್ನು ಮರಳಿ ತರುವುದು ಹೊಸ ಪಂಥವನ್ನು ಸೇರಿದಂತಲ್ಲ, ಕೈಬಿಟ್ಟ ಆಸ್ತಿಯನ್ನು ಬಿಡಿಸಿಕೊಂಡಂತೆ.

ಶುದ್ಧ ನೀರು, ಶುದ್ಧ ಕೈ

ಬೇಯಿಸಿದ ಅಡುಗೆಯಲ್ಲಿ ಬೆಂಕಿಯೇ ಕಾವಲುಗಾರ. ಹಸಿ ಆಹಾರದಲ್ಲಿ ಆ ಕಾವಲು ಇಲ್ಲವಾದ್ದರಿಂದ ಜವಾಬ್ದಾರಿ ನೀರಿನ ಮೇಲೂ ಕೈಗಳ ಮೇಲೂ ಬೀಳುತ್ತದೆ. ಗೋರೆಗಾಂವಿನ ಹಳೆಯ ನಿವಾಸಿಗಳಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ನಲ್ಲಿಗಳಿಗೆ ನೀರು ತರಲು ಹೋರಾಡಿಯೇ ಮೃಣಾಲ್ ಗೋರೆಯವರು ‘ಪಾನಿವಾಲಿ ಬಾಯಿ’ ಎಂಬ ಹೆಸರು ಪಡೆದರು. ಮುಂಬಯಿಯ ರೈಲು ಹಳಿಗಳ ಪಕ್ಕದಲ್ಲಿ ದಶಕಗಳ ಕಾಲ ಪಾಲಕ್, ಹರಿವೆ, ಮೂಲಂಗಿಗಳನ್ನು ಬೆಳೆಯುತ್ತಿದ್ದುದು, ಅವಕ್ಕೆ ಚರಂಡಿಯ ನೀರು ಹಾಯಿಸುತ್ತಾರೆಂಬ ದೂರು ಮತ್ತೆ ಮತ್ತೆ ಬಂದುದು ಪ್ರಯಾಣಿಕರೆಲ್ಲ ಬಲ್ಲ ಸಂಗತಿ.

ಕೊಳಕು ನೀರಿನ ತರಕಾರಿಯಿಂದ ಆಮಶಂಕೆ, ವಿಷಮಶೀತ ಜ್ವರ, ಕಾಮಾಲೆಗಳು ಬರಬಹುದು. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ಮನುಷ್ಯಮಲದ ಮೂಲಕ ಸೊಪ್ಪಿಗೆ ಅಂಟಿಕೊಂಡಿದ್ದರೆ, ಅದರ ಮರಿಗಳು ಮಿದುಳಿನಲ್ಲಿ ಗೂಡುಕಟ್ಟಿ ಅಪಸ್ಮಾರಕ್ಕೆ ಕಾರಣವಾಗುವುದುಂಟು. ಮಾಂಸ ಮುಟ್ಟದ ಕುಟುಂಬಗಳಲ್ಲಿಯೂ ಈ ರೋಗ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಆದುದರಿಂದ ಹಸಿಯಾಗಿ ತಿನ್ನುವ ಸೊಪ್ಪನ್ನು ಎಲೆಎಲೆಯಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ಎಲೆಕೋಸಿನ ಹೊರ ಎಲೆಗಳನ್ನು ತೆಗೆದುಹಾಕಬೇಕು. ಮಳೆಗಾಲದ ನಾಲ್ಕು ತಿಂಗಳು ಹಸಿ ಸೊಪ್ಪನ್ನು ಬಿಟ್ಟು, ಸಿಪ್ಪೆ ತೆಗೆಯಬಲ್ಲ ಸೌತೆ, ಕ್ಯಾರೆಟ್, ಬಾಳೆ, ಕಿತ್ತಳೆಗಳನ್ನೇ ಆರಿಸಿಕೊಳ್ಳುವುದು ಲೇಸು.

ಮೊಳಕೆ ಕಾಳಿನ ವಿಷಯದಲ್ಲಿಯೂ ಎಚ್ಚರ ಬೇಕು. ಬೀಜಕ್ಕೆ ಮೊಳಕೆ ಬರುವ ತೇವ ಮತ್ತು ಬಿಸುಪಿನಲ್ಲಿ ರೋಗಾಣುವೂ ಬೆಳೆಯುತ್ತದೆ. ೨೦೧೧ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ರೋಗಾಣುವಿನಿಂದ ಸಾವಿರಾರು ಜನ ಕಾಯಿಲೆ ಬಿದ್ದು ಐವತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮನೆಯಲ್ಲಿಯೇ ಮೊಳಕೆ ಬರಿಸಿ, ಎರಡು ಮೂರು ನಿಮಿಷ ಹಬೆಯಲ್ಲಿಟ್ಟು ತಿಂದರೆ ಗುಣ ಬಹುಪಾಲು ಉಳಿಯುತ್ತದೆ, ಅಪಾಯ ಬಹುಪಾಲು ಅಳಿಯುತ್ತದೆ.

ಆರೆಯ ಹಾಲು, ದೇವನಾರದ ಮಾಂಸ

ಈಗ ಆಹಾರದ ಮೂಲದ ಪ್ರಶ್ನೆಗೆ ಬರೋಣ. ಗೋರೆಗಾಂವಿನ ಪೂರ್ವದಲ್ಲಿಯೇ ಆರೆ ಹಾಲಿನ ಕಾಲೊನಿ ಇದೆ. ನಗರದ ಇಕ್ಕಟ್ಟಾದ ತಬೇಲಾಗಳಲ್ಲಿದ್ದ ಎಮ್ಮೆಗಳನ್ನು ಹೊರಗೆ ತಂದು ಹಸಿರಿನ ನಡುವೆ ಸಾಕುವ ಉದ್ದೇಶದಿಂದ ೧೯೪೯ರಲ್ಲಿ ಇದು ಸ್ಥಾಪಿತವಾಯಿತು. ೧೯೫೧ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಇದನ್ನು ಉದ್ಘಾಟಿಸಿದರು. ಇದರ ಶಿಲ್ಪಿಯಾದ ದಾರಾ ಖುರೋಡಿಯವರಿಗೆ ೧೯೬೩ರಲ್ಲಿ ತ್ರಿಭುವನದಾಸ್ ಪಟೇಲ್ ಮತ್ತು ವರ್ಗೀಸ್ ಕುರಿಯನ್ ಅವರೊಂದಿಗೆ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು.

ತಬೇಲಾದ ಲೆಕ್ಕಾಚಾರ ನಿಷ್ಠುರವಾದುದು. ಎಮ್ಮೆ ಕರು ಹಾಕಿದ ಬಳಿಕ ಸುಮಾರು ಹತ್ತು ತಿಂಗಳು ಹಾಲು ಕೊಡುತ್ತದೆ. ಹಾಲು ಬತ್ತಿದ ಮೇಲೆ ಮತ್ತೆ ಕರು ಹಾಕುವವರೆಗೆ ಅದಕ್ಕೆ ಮೇವಿನ ಖರ್ಚುಂಟು, ಆದಾಯವಿಲ್ಲ. ನಗರದಲ್ಲಿ ಮೇವು, ಜಾಗ ಎರಡೂ ದುಬಾರಿ. ಹೀಗಾಗಿ ಬತ್ತಿದ ಎಮ್ಮೆಯನ್ನು ಮಾರಿ ಹೊಸದನ್ನು ಕೊಳ್ಳುವುದು ಮಾಲಿಕನಿಗೆ ಲಾಭಕರವಾಯಿತು. ದೂರದ ಹರಿಯಾಣ, ಗುಜರಾತುಗಳಿಂದ ಬಂದ ಉತ್ತಮ ತಳಿಯ ಎಷ್ಟೋ ಎಮ್ಮೆಗಳು ಒಂದೆರಡು ಸೂಲಿನಲ್ಲಿಯೇ ಕಸಾಯಿಖಾನೆ ಸೇರಿದವು. ಹಾಲು ಕೊಡದ ಕೋಣಗರುವಿನ ಪಾಡು ಇನ್ನೂ ಕಷ್ಟದ್ದು. ಎಮ್ಮೆಮಾಂಸದ ರಫ್ತಿನಲ್ಲಿ ಭಾರತವು ಪ್ರಪಂಚದ ಮುಂಚೂಣಿಯ ದೇಶಗಳಲ್ಲಿ ಒಂದಾಗಿರುವುದಕ್ಕೆ ಹಾಲಿನ ಉದ್ಯಮದ ಈ ವಿಸ್ತಾರವೇ ಆಧಾರ. ಹಾಲು ಒಂದು ಪುಸ್ತಕ, ಮಾಂಸ ಇನ್ನೊಂದು ಪುಸ್ತಕ ಎಂದು ಸಸ್ಯಾಹಾರಿಗಳು ಭಾವಿಸುವುದುಂಟು. ಲೆಕ್ಕ ಕೂಡಿಸಿ ನೋಡಿದರೆ ಎರಡೂ ಒಂದೇ ಖಾತೆಯ ಎರಡು ಪುಟಗಳು.

ಗಾಂಧೀಜಿಯವರು ೧೯೧೨ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ತ್ಯಜಿಸಿದ್ದಕ್ಕೆ ಒಂದು ಕಾರಣ, ಕಲಕತ್ತೆಯಲ್ಲಿ ಹಸು-ಎಮ್ಮೆಗಳಿಂದ ಕೊನೆಯ ಹನಿಯನ್ನೂ ಹಿಂಡಲು ನಡೆಸುತ್ತಿದ್ದ ‘ಫೂಕಾ’ ಎಂಬ ಹಿಂಸೆಯ ವರದಿಗಳು. ಮುಂದೆ ತೀವ್ರ ಕಾಯಿಲೆ ಬಿದ್ದಾಗ ಕಸ್ತೂರ್‌ಬಾ ಅವರ ಮಾತಿಗೆ ಒಪ್ಪಿ ಆಡಿನ ಹಾಲು ಕುಡಿದರು. ಫೂಕಾ ಪದ್ಧತಿಯನ್ನು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆ ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ಹಸಿ ಆಹಾರದ ಉತ್ಸಾಹದಲ್ಲಿ ಕೆಲವರು ಕಾಯಿಸದ ಹಾಲನ್ನೂ ಕುಡಿಯುತ್ತಾರೆ. ಇದು ಸರ್ವಥಾ ಸಲ್ಲದು. ಕ್ಷಯ, ಬ್ರೂಸೆಲ್ಲ ಜ್ವರಗಳು ಹಸಿ ಹಾಲಿನ ಮೂಲಕ ದಾಟಬಲ್ಲವು.

ಆಡು, ಕುರಿಗಳ ಮಾಂಸಕ್ಕಾಗಿ ಮುಂಬಯಿ ಮಹಾನಗರಪಾಲಿಕೆಯ ದೇವನಾರ್ ಕಸಾಯಿಖಾನೆ ೧೯೭೧ರಿಂದ ನಡೆಯುತ್ತಿದೆ. ಅದಕ್ಕೆ ಮೊದಲು ಅದು ಬಾಂದ್ರಾದಲ್ಲಿತ್ತು. ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶಗಳಿಂದಲೂ ಲಾರಿಗಳಲ್ಲಿ ಪ್ರಾಣಿಗಳು ಬರುತ್ತವೆ. ೨೦೦೧ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬವಾದ ಪ್ರಾಣಿಯನ್ನಾಗಲಿ, ಮೂರು ತಿಂಗಳೊಳಗಿನ ಮರಿಯುಳ್ಳದ್ದನ್ನಾಗಲಿ ವಧಿಸಕೂಡದು. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಕೂಡದು. ಪಶುವೈದ್ಯನೊಬ್ಬ ಗಂಟೆಗೆ ೧೨ಕ್ಕಿಂತ, ದಿನಕ್ಕೆ ೯೬ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಕೂಡದು. ಈ ನಿಯಮಗಳು ಪ್ರಾಣಿಯ ನೋವನ್ನಷ್ಟೇ ಅಲ್ಲ, ತಿನ್ನುವವನ ಆರೋಗ್ಯವನ್ನೂ ಕಾಯುತ್ತವೆ. ಮುದ್ರೆಯಿಲ್ಲದ ಮಾಂಸವನ್ನು ಗಲ್ಲಿಯ ಮೂಲೆಯಲ್ಲಿ ಅಗ್ಗವೆಂದು ಕೊಳ್ಳುವವನು ಈ ಎರಡು ರಕ್ಷಣೆಯನ್ನೂ ಕಳೆದುಕೊಳ್ಳುತ್ತಾನೆ.

ನಲವತ್ತು ದಿನಗಳ ಕೋಳಿ

ಊರಿನ ಹಿತ್ತಿಲ ಕೋಳಿ ಕೆದಕಿ ತಿಂದು ಬೆಳೆಯಲು ಹಲವು ತಿಂಗಳು ಬೇಕು. ಇಂದಿನ ಬ್ರಾಯ್ಲರ್ ಕೋಳಿ ಐದಾರು ವಾರಗಳಲ್ಲಿ ಎರಡು ಕಿಲೋ ತೂಗುತ್ತದೆ. ಅಷ್ಟಕ್ಕೆ ಅದು ಸುಮಾರು ಮೂರು ಮೂರೂವರೆ ಕಿಲೋ ಮೆಕ್ಕೆಜೋಳ, ಸೋಯಾ ಹಿಂಡಿಯ ಆಹಾರವನ್ನು ತಿನ್ನುತ್ತದೆ. ದಾವಣಗೆರೆ, ಹಾವೇರಿ ಜಿಲ್ಲೆಗಳ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿದುದರ ಹಿಂದೆ ಕೋಳಿ ಉದ್ಯಮದ ಈ ಬೇಡಿಕೆ ಇದೆ. ಕೊಟ್ಟಿಗೆಯೊಂದರಲ್ಲಿ ಸಾವಿರಾರು ಕೋಳಿಗಳು ಒತ್ತೊತ್ತಾಗಿ ಬೆಳೆಯುತ್ತವೆ. ಮೊಟ್ಟೆಯ ಕೋಳಿಯಾದರೆ ರೆಕ್ಕೆ ಬಿಚ್ಚಲಾಗದ ತಂತಿಪಂಜರದಲ್ಲಿ ಬಾಳು ಕಳೆಯುತ್ತದೆ. ಮೊಟ್ಟೆಯ ತಳಿಯ ಹುಂಜಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ.

ಒತ್ತಾಗಿ ಸಾಕಿದಲ್ಲಿ ರೋಗ ಬೇಗ ಹರಡುವುದರಿಂದ, ಜೊತೆಗೆ ತೂಕ ಬೇಗ ಏರುವುದಕ್ಕಾಗಿ, ಕೋಳಿಗಳಿಗೆ ಪ್ರತಿಜೀವಕ ಔಷಧಿಗಳನ್ನು ಕೊಡುವ ಪದ್ಧತಿ ಬೆಳೆಯಿತು. ಇದರಿಂದ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡು ಮನುಷ್ಯರಿಗೂ ದಾಟುತ್ತವೆ. ಆಸ್ಪತ್ರೆಯಲ್ಲಿ ಕಟ್ಟಕಡೆಯ ಅಸ್ತ್ರವಾಗಿ ಬಳಸುವ ಕೋಲಿಸ್ಟಿನ್ ಎಂಬ ಔಷಧಿಯನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರಕಾರ ೨೦೧೯ರ ಜುಲೈಯಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೇ.

ಕೋಳಿ ಮತ್ತು ಕೋಸಂಬರಿ ಎರಡೂ ಆಗುವ ಮನೆಗಳಲ್ಲಿ ಅತಿ ದೊಡ್ಡ ಅಪಾಯ ಒಂದೇ ಮಣೆ, ಒಂದೇ ಚಾಕುವಿನಲ್ಲಿದೆ. ಕೋಳಿಮಾಂಸದ ರೋಗಾಣು ಒಲೆಯ ಮೇಲೆ ಸಾಯುತ್ತದೆ. ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿಯ ಮೇಲಿನ ರೋಗಾಣು ಸಾಯುವುದಿಲ್ಲ. ಹಸಿ ತರಕಾರಿಗೆ ಪ್ರತ್ಯೇಕ ಮಣೆ, ಪ್ರತ್ಯೇಕ ಚಾಕು ಇರಬೇಕು. ತರಕಾರಿಯ ಕೆಲಸ ಮೊದಲು ಮುಗಿಯಬೇಕು. ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆದರೆ ನೀರಿನ ಹನಿಗಳೊಡನೆ ರೋಗಾಣುವೂ ಸುತ್ತಲೂ ಸಿಡಿಯುತ್ತದೆ ಎಂಬುದನ್ನು ಮರೆಯಬಾರದು.

ಮಾಂಸಾಹಾರಿಗಳಿಗೆ ಎಷ್ಟು ಸಾಕು?

ಮುಂಬಯಿ ಕನ್ನಡಿಗರಲ್ಲಿ ಮೀನು, ಕೋಳಿ ಉಣ್ಣುವ ಸಮುದಾಯಗಳು ಬಹಳ. ಅವರನ್ನು ಹಳಿಯುವುದು ಆರೋಗ್ಯಶಾಸ್ತ್ರದ ಕೆಲಸವಲ್ಲ. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ಸಾಸೇಜ್, ಬೇಕನ್ ಮೊದಲಾದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ-ದನಗಳ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ದಿನಕ್ಕೆ ೫೦ ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡ ೧೮ರಷ್ಟು ಹೆಚ್ಚುತ್ತದೆಂದು ತಿಳಿಸಿತು. ಮಕ್ಕಳ ಡಬ್ಬಿಗೆ ಸುಲಭವೆಂದು ಹಾಕುವ ಸಾಸೇಜನ್ನು ಮೊದಲು ಕೈಬಿಡಬೇಕು. ಅದಕ್ಕೆ ಹೋಲಿಸಿದರೆ ಬೂತಾಯಿ, ಬಂಗುಡೆಯಂಥ ಮೀನಿನ ಸಾರು ಎಷ್ಟೋ ಹಿತಕರ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ ೧ರಿಂದ ಜುಲೈ ೩೧ರವರೆಗೆ ಬಿಡುವು. ಅದರ ಬೆನ್ನಿಗೇ ಬರುವ ಶ್ರಾವಣದ ಆಚರಣೆಯನ್ನೂ ಸೇರಿಸಿದರೆ ವರ್ಷದಲ್ಲಿ ಕೆಲವು ವಾರಗಳಾದರೂ ತಟ್ಟೆ ತಾನಾಗಿಯೇ ತರಕಾರಿಯ ಕಡೆ ತಿರುಗಬಹುದು.

ಆಚರಣೆಯ ದಾರಿ

ಪೋಷಣ ಸಂಸ್ಥೆಯ ಸೂಚನೆಯಂತೆ ೨೦೦೦ ಕ್ಯಾಲೊರಿಗಳ ದಿನದ ಊಟದಲ್ಲಿ ತರಕಾರಿ ೪೦೦ ಗ್ರಾಂ, ಹಣ್ಣು ೧೦೦ ಗ್ರಾಂ, ಬೇಳೆಕಾಳು ೮೫ ಗ್ರಾಂ ಇರಬೇಕು. ಇದರಲ್ಲಿ ಮೂರನೆಯ ಒಂದು ಪಾಲು ತರಕಾರಿ ಮತ್ತು ಹಣ್ಣಿನ ಅಷ್ಟೂ ಭಾಗ ಹಸಿಯಾಗಿದ್ದರೆ ಉದ್ದೇಶ ಈಡೇರಿತು. ಬೆಳಿಗ್ಗೆ ಉಪಾಹಾರದೊಡನೆ ಒಂದು ಪೇರಳೆ ಅಥವಾ ಬಾಳೆಹಣ್ಣು ಸಾಕು. ಕಚೇರಿಯ ಡಬ್ಬಿಯಲ್ಲಿ ಹೆಚ್ಚಿದ ಹೋಳುಗಳ ಬದಲು ತೊಳೆದ ಇಡೀ ಸೌತೆಕಾಯಿ, ಕ್ಯಾರೆಟ್ ಇರಲಿ. ಹೆಚ್ಚಿಟ್ಟ ತರಕಾರಿ ಲೋಕಲಿನ ಸೆಕೆಯಲ್ಲಿ ಗಂಟೆಗಟ್ಟಲೆ ಇದ್ದರೆ ಕೆಡುತ್ತದೆ. ಸಂಜೆ ವಡಾಪಾವಿನ ಬದಲು ಒಂದು ಹಿಡಿ ಶೇಂಗಾ, ರಾತ್ರಿ ಊಟದ ಮೊದಲಿಗೆ ಒಂದು ಬಟ್ಟಲು ಕೋಸಂಬರಿ. ಹಸಿ ಪದಾರ್ಥವನ್ನು ಮೊದಲು ತಿಂದರೆ ಹೊಟ್ಟೆ ತುಂಬಿ ಅನ್ನದ ಪ್ರಮಾಣ ಇಳಿಯುತ್ತದೆ, ರಕ್ತದ ಸಕ್ಕರೆಯೂ ಹಠಾತ್ತನೆ ಏರುವುದಿಲ್ಲ. ಉಪ್ಪನ್ನು ಬಡಿಸುವಾಗ ಸ್ವಲ್ಪವೇ ಹಾಕಬೇಕು. ದಿನದ ಒಟ್ಟು ಉಪ್ಪು ೫ ಗ್ರಾಂ ಮೀರದಿರಲಿ.

ಅಭ್ಯಾಸವಿಲ್ಲದವರು ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯುಬ್ಬರ ಬರುವುದರಿಂದ ದಿನಕ್ಕೆ ಎರಡು ಚಮಚದಿಂದ ಆರಂಭಿಸಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ತರಕಾರಿ, ಹಣ್ಣು, ಎಳನೀರಿನ ಪೊಟ್ಯಾಸಿಯಂ ವಿಷಯದಲ್ಲಿ, ರಕ್ತ ಹೆಪ್ಪುಗಟ್ಟದಿರಲು ಔಷಧಿ ಸೇವಿಸುವವರು ಸೊಪ್ಪಿನ ವಿಷಯದಲ್ಲಿ, ಸಿಹಿಮೂತ್ರಕ್ಕೆ ಗುಳಿಗೆ ಸೇವಿಸುವವರು ಊಟದ ಬದಲಾವಣೆಯ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಗರ್ಭಿಣಿಯರು ಹಸಿ ಮೊಳಕೆಯನ್ನು ದೂರವಿಡಬೇಕು. ಹಾಲನ್ನೂ ಬಿಡುವ ನಿಶ್ಚಯ ಮಾಡಿದವರಿಗೆ ಬಿ-೧೨ ಜೀವಸತ್ವದ ಪೂರೈಕೆ ಅನಿವಾರ್ಯ. ಯಾವ ಹಸಿ ರಸವೂ ಔಷಧಿಗೆ ಬದಲಿಯಲ್ಲ.

ಹುಟ್ಟೂರಿನ ಹಿತ್ತಿಲನ್ನು ಮಹಾನಗರಕ್ಕೆ ತರಲಾಗದು. ಆದರೆ ಹಿತ್ತಿಲು ಕಲಿಸಿದ ಅರಿವನ್ನು ತರಬಹುದು. ಕೊಳ್ಳುವಾಗ ಎಲ್ಲಿಯದೆಂದು ಕೇಳುವುದು, ತಿನ್ನುವಾಗ ಎಷ್ಟು ಸಾಕೆಂದು ಅರಿಯುವುದು, ಎಸೆಯುವ ಮೊದಲು ಅದರ ಹಿಂದಿನ ದುಡಿಮೆಯನ್ನೂ ಪ್ರಾಣವನ್ನೂ ನೆನೆಯುವುದು, ದಿನಕ್ಕೊಂದು ಬಟ್ಟಲು ಕೋಸಂಬರಿಗೆ ತಟ್ಟೆಯಲ್ಲಿ ಜಾಗ ಬಿಡುವುದು, ಇವು ದುಡ್ಡಿನ ಕೆಲಸಗಳಲ್ಲ. ಇಷ್ಟನ್ನು ಮನೆಯ ಹಿರಿಯರು ಆಚರಿಸಿದರೆ ಮಹಾನಗರದಲ್ಲಿಯೇ ಹುಟ್ಟಿ ಬೆಳೆದ ಮಕ್ಕಳೂ ಊಟ ಬಲ್ಲವರಾಗುವರೆಂಬುದರಲ್ಲಿ ಸಂದೇಹವಿಲ್ಲ.